ಚೀಲದ ಮೇಲಿನ ಅಂಕಿ ನಾವು ಓದದಿದ್ದರೆ ಯಾರು ಓದಬೇಕು?

ಕಳೆದ ಜೂನ್ ತಿಂಗಳ ಮಾತು. ಪಾವಗಡ ಸೀಮೆಯ ನಮ್ಮೂರಿಗೆ ಆ ವರ್ಷದ ಮೊದಲ ಹದ ಮಳೆ ಬಿದ್ದಿತ್ತು. ಅಬ್ಬಾ ಹೊಲದಲ್ಲಿದ್ದರು. ಗೊಬ್ಬರಕ್ಕೆ ಸೊಸೈಟಿ ಮುಂದೆ ಸಾಲು ಬೆಳೆಯುತ್ತಿದೆ ಎಂದು ಗೊತ್ತಾಗಿ, "ನಾನು ಬಂದು ಹೆಬ್ಬೆಟ್ಟು ಒತ್ತೋವರೆಗೂ ಜಾಗ ಹಿಡಿದಿರು ಬೇಟಿ" ಎಂದು ನನ್ನನ್ನು ಕಳಿಸಿದ್ದರು. ನನ್ನ ಹಿಂದೆ ನಿಂತಿದ್ದ ತಾತ ಒಬ್ಬರು ಡಿಎಪಿ ಚೀಲವನ್ನೇ ನೋಡುತ್ತಾ ಕೇಳಿದರು: "ಕಾಲೇಜಿಗೆ ಹೋಗ್ತೀಯಲ್ಲವ್ವ, ಹದಿನೆಂಟು, ನಲವತ್ತಾರು, ಸೊನ್ನೆ ಅಂತ ಬರ್ದವ್ರಲ್ಲ, ಹಂಗಂದ್ರೆ ಏನವ್ವ?"

ನಾನು ಪ್ರಥಮ ಪಿಯುಸಿ ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ತೆಗೆದವಳು. "ಬ್ಯಾಚ್ ನಂಬರ್ ಇರ್ಬೇಕು ತಾತ" ಎಂದುಬಿಟ್ಟೆ. ಅವರು ಹೌದೆಂದು ತಲೆಯಾಡಿಸಿದರು. ಕಾಲೇಜು ಹುಡುಗಿ ಹೇಳಿದ್ದಾಳೆ ಎಂದು ನಂಬಿದರು. ಅವರು ನಂಬಿದ್ದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನೂ ನಾಚಿಕೆಯ ವಿಷಯವೊಂದಿದೆ. ಎರಡು ತಿಂಗಳ ನಂತರ ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ "ರಾಸಾಯನಿಕ ಗೊಬ್ಬರ ಭೂಮಿತಾಯಿಗೆ ಉಣಿಸುತ್ತಿರುವ ವಿಷ" ಎಂದು ಐದು ನಿಮಿಷ ಮಾತಾಡಿ ನಾನು ಎರಡನೇ ಬಹುಮಾನ ಪಡೆದೆ. ಆ ಚೀಲದಲ್ಲಿ ಏನಿದೆ, ಎಲ್ಲಿಂದ ಬಂತು, ಎಷ್ಟು ಹಾಕಬೇಕು ಎನ್ನುವುದು ಆಗಲೂ ನನಗೆ ಗೊತ್ತಿರಲಿಲ್ಲ. ಚಪ್ಪಾಳೆ ಹೊಡೆದವರಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನವೆಂಬರ್‌ನಲ್ಲಿ ನಮ್ಮ ಕಡ್ಲೆಕಾಯಿ ಕಿತ್ತೆವು. ಗಿಡ ಮೊಣಕಾಲೆತ್ತರ, ಎಲೆ ಕಡು ಹಸಿರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದ್ದ ಬೆಳೆ. ಕಿತ್ತರೆ ಬುಡದಲ್ಲಿ ಕಾಯಿ ಕಡಿಮೆ, ಇದ್ದ ಕಾಯಲ್ಲೂ ಬಹಳಷ್ಟು ಜೊಳ್ಳು. ಅಬ್ಬಾ ಬೀಜವನ್ನು ಬೈದರು, ಆಮೇಲೆ ಮಳೆಯನ್ನು ಬೈದರು. ಆ ರಾತ್ರಿ ನಾನು ಖಾಲಿ ಚೀಲಗಳನ್ನು ಮುಂದಿಟ್ಟುಕೊಂಡು ಲೆಕ್ಕಕ್ಕೆ ಕುಳಿತೆ.

ಚೀಲದ ಮೇಲಿನ ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾವಾರು. ರಂಜಕ ಮತ್ತು ಪೊಟ್ಯಾಷನ್ನು ಅವುಗಳ ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕಿರುತ್ತಾರೆ. 50 ಕೆ.ಜಿ. ಡಿಎಪಿಯಲ್ಲಿ ಸಾರಜನಕ 9 ಕೆ.ಜಿ., ರಂಜಕ 23 ಕೆ.ಜಿ., ಪೊಟ್ಯಾಷ್ ಸೊನ್ನೆ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇ 46 ಸಾರಜನಕ, ಅಂದರೆ 20.7 ಕೆ.ಜಿ. ಮಳೆಯಾಶ್ರಿತ ಕಡ್ಲೆಕಾಯಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 25 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಷ್. ಎಕರೆಗೆ ಇಳಿಸಿದರೆ 10, 20, 10. ನಾವು ಎಕರೆಗೆ ಒಂದು ಚೀಲ ಡಿಎಪಿ ಹಾಕಿದ್ದೆವು. ಅಲ್ಲಿಗೇ ಸಾರಜನಕ ಹೆಚ್ಚೂಕಡಿಮೆ ಮುಗಿದಿತ್ತು. ಅದರ ಮೇಲೆ "ಎಲೆ ಹಳದಿಯಾಗ್ತಿದೆ" ಎಂದು ಒಂದು ಚೀಲ ಯೂರಿಯಾ ಚೆಲ್ಲಿದೆವು. ಒಟ್ಟು 29.7 ಕೆ.ಜಿ., ಬೇಕಾದದ್ದರ ಮೂರು ಪಟ್ಟು. ಕಡ್ಲೆಗಿಡ ಬೇರಿನ ಗಂಟುಗಳಲ್ಲಿ ತಾನೇ ಗಾಳಿಯ ಸಾರಜನಕ ಹಿಡಿದಿಟ್ಟುಕೊಳ್ಳುವ ಜಾತಿ ಬೇರೆ. ಉಣ್ಣಿಸಿದ್ದೆಲ್ಲ ಎಲೆಗೆ ಹೋಯಿತು.

ಪೊಟ್ಯಾಷ್ ಒಂದು ಹಿಡಿಯೂ ಹಾಕಿರಲಿಲ್ಲ, ಜಿಪ್ಸಂ ಹಾಕಿರಲಿಲ್ಲ. ಜೊಳ್ಳಿಗೆ ಇರಬಹುದಾದ ಕಾರಣಗಳಲ್ಲಿ ನಮ್ಮ ಕೈಯಲ್ಲಿದ್ದದ್ದು ಈ ಜಿಪ್ಸಂ. ಕಡ್ಲೆ ಹೂವು ಉದುರಿದ ಮೇಲೆ ಸೂಜಿಯಂಥ ಕಡ್ಡಿಯೊಂದು ಮಣ್ಣಿಗೆ ಇಳಿದು, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ಪಡೆಯುವುದು ತೀರಾ ಕಡಿಮೆ. ಸುತ್ತಲಿನ ಮಣ್ಣಿನಿಂದ ಸಿಪ್ಪೆಯ ಮೂಲಕ ನೇರವಾಗಿ ಹೀರುತ್ತದೆ. ನಮ್ಮ ಕೆಂಪು ಮರಳು ಮಣ್ಣಿನಲ್ಲಿ ಸುಣ್ಣದಂಶ ಕಡಿಮೆಯಾದರೆ ಸಿಪ್ಪೆಯೊಳಗೆ ಬೀಜ ತುಂಬುವುದಿಲ್ಲ. ಅದಕ್ಕೇ ಹೆಕ್ಟೇರಿಗೆ 500 ಕೆ.ಜಿ., ಎಕರೆಗೆ ಸುಮಾರು 200 ಕೆ.ಜಿ. ಜಿಪ್ಸಂ ಹಾಕಿ ಎನ್ನುತ್ತಾರೆ. ನಾವು ಪ್ರಥಮ ಪಿಯುಸಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಎಂದು ಓದಿದ್ದು, ಅದರ ಜೊತೆ ಎರಡು ಅಣು ನೀರು ಸೇರಿದ್ದು, ಇದೇ ಜಿಪ್ಸಂ.

ಹಾಗಾದರೆ ಈ ಪುಡಿಗಳೆಲ್ಲ ಎಲ್ಲಿಂದ ಬರುತ್ತವೆ? ಇದನ್ನು ತಿಳಿದ ಮೇಲೆ ನನಗೆ ಚೀಲದ ಮೇಲಿದ್ದ ಸಿಟ್ಟು ಹೋಗಿ ಮರ್ಯಾದೆ ಬಂತು.

ಯೂರಿಯಾದ ಮೂಲ ಗಾಳಿ ಮತ್ತು ನೈಸರ್ಗಿಕ ಅನಿಲ. ಗಾಳಿಯ ಸಾರಜನಕವನ್ನೂ ಅನಿಲದಿಂದ ತೆಗೆದ ಜಲಜನಕವನ್ನೂ ಹೆಚ್ಚಿನ ಒತ್ತಡ, ಹೆಚ್ಚಿನ ಶಾಖದಲ್ಲಿ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಅಮೋನಿಯಾ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯಾ. ಫ್ರಿಟ್ಜ್ ಹೇಬರ್ 1909ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು, ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆಗೆ ಇಳಿಸಿದರು. ಸಮತೋಲನದ ಪಾಠದಲ್ಲಿ ನಾವು ಐದು ಅಂಕಕ್ಕೆ ಬಾಯಿಪಾಠ ಮಾಡುವ ಹೇಬರ್ ವಿಧಾನ ಇದೇ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಾಗುತ್ತದೆ. ಅದು ಸಾಲದೆ ದೇಶವು ಓಮನ್, ಸೌದಿ, ರಷ್ಯಾದಂಥ ಕಡೆಗಳಿಂದ ತರಿಸುತ್ತದೆ. ನಮ್ಮೂರುಗಳಿಂದ ದುಡಿಯಲು ಗಲ್ಫಿಗೆ ಹೋದ ಚಾಚಾಗಳು ಎಷ್ಟೋ ಜನ ಇದ್ದಾರೆ. ಅವರು ಹೋದ ಕಡೆಯಿಂದಲೇ ನಮ್ಮ ಹೊಲಕ್ಕೆ ಯೂರಿಯಾವೂ ಬರುತ್ತದೆ.

ರಂಜಕದ ಮೂಲ ಕಲ್ಲು. ಹಳೆಯ ಸಮುದ್ರದ ತಳದಲ್ಲಿ ಜೀವಿಗಳ ಅವಶೇಷ ಸೇರಿ ಗಟ್ಟಿಯಾದ ರಂಜಕದ ಶಿಲೆಯನ್ನು ಮೊರಾಕ್ಕೊ, ಜೋರ್ಡನ್‌ನಂಥ ದೇಶಗಳಲ್ಲಿ ಅಗೆಯುತ್ತಾರೆ. ನಮ್ಮಲ್ಲಿ ರಾಜಸ್ಥಾನದ ಉದಯಪುರ ಬಳಿಯ ಝಾಮರಕೋಟ್ರಾದಲ್ಲಿ ಗಣಿಯಿದೆ. ಈ ಕಲ್ಲು ಹಾಗೆಯೇ ನೀರಿನಲ್ಲಿ ಕರಗುವುದಿಲ್ಲ. ಗಂಧಕಾಮ್ಲ ಸೇರಿಸಿದರೆ ಕರಗುವ ಸೂಪರ್ ಫಾಸ್ಫೇಟ್ ಆಗುತ್ತದೆ. ಇಂಗ್ಲೆಂಡಿನ ಜಾನ್ ಲಾಸ್ 1842ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿ ಮೊದಲು ತಯಾರಾದದ್ದು 1906ರಲ್ಲಿ, ತಮಿಳುನಾಡಿನ ರಾಣಿಪೇಟೆಯಲ್ಲಿ. ಡಿಎಪಿ ಸಿಗಲಿಲ್ಲ ಎಂದು ಜಗಳಕ್ಕೆ ನಿಲ್ಲುವ ನಮ್ಮವರಿಗೆ ಒಂದು ಮಾತು: ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಶೇ 16 ರಂಜಕದ ಜೊತೆಗೆ ಗಂಧಕವೂ ಸುಣ್ಣದಂಶವೂ ಇರುತ್ತವೆ. ಕಡ್ಲೆಕಾಯಿಗೆ ಅವೆರಡೂ ಬೇಕು, ಡಿಎಪಿಯಲ್ಲಿ ಅವೆರಡೂ ಇಲ್ಲ.

ಪೊಟ್ಯಾಷ್ ಒಣಗಿದ ಪುರಾತನ ಸಮುದ್ರಗಳ ಉಪ್ಪು. ಭಾರತ ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡನ್, ಇಸ್ರೇಲ್ ಕಡೆಯಿಂದ ತರಿಸುತ್ತದೆ. ತಮಾಷೆ ಏನೆಂದರೆ, ನಮ್ಮ ಬೆಟ್ಟಗಳ ಗ್ರಾನೈಟಿಗೆ ನಸುಗೆಂಪು ಬಣ್ಣ ಕೊಡುವ ಫೆಲ್ಡ್‌ಸ್ಪಾರ್ ಖನಿಜದಲ್ಲೇ ಪೊಟ್ಯಾಷ್ ಇದೆ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುವ ಕಲ್ಲಿನ ಪಟ್ಟಿ ಮಧುಗಿರಿ, ಪಾವಗಡದ ಮೇಲೆಯೇ ಹಾದು ಹೋಗುತ್ತದೆ. ಬೆಟ್ಟದಷ್ಟು ಪೊಟ್ಯಾಷ್ ಕಣ್ಣೆದುರು ನಿಂತಿದೆ, ಆದರೆ ಅದು ಬಿಸಿಲು ಮಳೆಗೆ ಸವೆದು ಗಿಡದ ಬಾಯಿಗೆ ಬರಲು ಸಾವಿರಾರು ವರ್ಷ ಬೇಕು.

ಪೊಟ್ಯಾಸಿಯಂನ ಚಿಹ್ನೆ 'ಕೆ' ಏಕೆ ಎಂದು ನಾವೆಲ್ಲ ಒಮ್ಮೆ ತಲೆ ಕೆರೆದುಕೊಂಡವರೇ. ಅದು ಕೇಲಿಯಂ ಎಂಬ ಹೆಸರಿನಿಂದ ಬಂದದ್ದು. ಕೇಲಿಯಂ ಬಂದದ್ದು ಅರಬ್ಬಿಯ 'ಅಲ್ ಕಲೀ' ಪದದಿಂದ, ಗಿಡ ಸುಟ್ಟ ಬೂದಿ ಎಂದರ್ಥ. ನಮ್ಮ ದಾದಿ ಇಂದಿಗೂ ಒಲೆಯ ಬೂದಿಯನ್ನು ಸೊಪ್ಪಿನ ಮಡಿಗೆ ಚೆಲ್ಲುತ್ತಾರೆ. ಅವರು ಹಾಕುತ್ತಿರುವುದು ಪೊಟ್ಯಾಷ್. ಹಾಗೆಯೇ ಪೆಟ್ಲುಪ್ಪು. ಹಳೆಯ ಕಾಲದಲ್ಲಿ ದನದ ಕೊಟ್ಟಿಗೆಯ ಗಂಜಲ ನೆನೆದ ಮಣ್ಣನ್ನು ಸೋಸಿ, ಕಾಯಿಸಿ ತೆಗೆಯುತ್ತಿದ್ದ ಈ ಉಪ್ಪೇ ಮದ್ದಿನ ಪುಡಿಯ ಮುಖ್ಯ ಭಾಗ. 1761ರಲ್ಲಿ ಶಿರಾದ ನವಾಬನೆಂಬ ಬಿರುದು ಪಡೆದ ಹೈದರಾಲಿಯ ರಾಕೆಟ್‌ಗಳೂ ಟಿಪ್ಪುವಿನ ರಾಕೆಟ್‌ಗಳೂ ಹಾರಿದ್ದು ಇದೇ ಪೆಟ್ಲುಪ್ಪಿನ ಬಲದಲ್ಲಿ. ಈಗ ಅದೇ ಪೊಟ್ಯಾಸಿಯಂ ನೈಟ್ರೇಟ್ 13-0-45 ಎಂಬ ಹೆಸರಿನಲ್ಲಿ ಗೊಬ್ಬರದ ಅಂಗಡಿಯಲ್ಲಿದೆ, ಡ್ರಿಪ್ ಇರುವ ತೋಟದವರು ಕೊಳ್ಳುತ್ತಾರೆ. ಉಪ್ಪು ಒಂದೇ, ಬಳಸುವವರ ಉದ್ದೇಶ ಬೇರೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಬಂದ ಅಭಿಪ್ರಾಯ ಇದು. ಗೊಬ್ಬರ ವಿಷವೂ ಅಲ್ಲ, ಅಮೃತವೂ ಅಲ್ಲ. ಅಳತೆ ಗೊತ್ತಿಲ್ಲದೆ ಹಾಕಿದ್ದು ದಂಡ. ಈ ಮಾತು ನಮ್ಮ ಕಡೆಯ ನೀರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ರಂಜಕದ ಶಿಲೆಯಲ್ಲಿರುವ ಮುಖ್ಯ ಖನಿಜ ಅಪಟೈಟ್. ಅದರಲ್ಲಿ ಸುಣ್ಣದಂಶ, ರಂಜಕದ ಜೊತೆ ಫ್ಲೋರಿನ್ ಕೂಡ ಇರುತ್ತದೆ. ನಮ್ಮ ಗ್ರಾನೈಟಿನಲ್ಲೂ ಅಪಟೈಟ್ ಸಣ್ಣ ಪ್ರಮಾಣದಲ್ಲಿದೆ, ಫ್ಲೋರಿನ್ ಹೊತ್ತ ಬೇರೆ ಖನಿಜಗಳೂ ಇವೆ. ನಮ್ಮ ಹಲ್ಲು, ಮೂಳೆ ಆಗಿರುವುದೂ ಅಪಟೈಟ್ ಜಾತಿಯ ವಸ್ತುವಿನಿಂದಲೇ. ಮಳೆ ಕಡಿಮೆಯಿರುವ ಪಾವಗಡದಂಥ ಕಡೆ ನೂರಾರು ಅಡಿ ಆಳದ ಬೋರ್‌ವೆಲ್ ನೀರು ಬಹಳ ಕಾಲ ಕಲ್ಲಿನ ಜೊತೆಗೇ ಇದ್ದು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಇದು ಗೊಬ್ಬರದಿಂದ ಬಂದದ್ದಲ್ಲ, ಕಲ್ಲಿನಿಂದ ಬಂದದ್ದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5ರ ತನಕ ಪರವಾಗಿಲ್ಲ. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದು, ಹೆಚ್ಚಾದರೆ ಅದೇ ಹಲ್ಲಿನ ಮೇಲೆ ಕಂದು ಗೆರೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ.

ನನ್ನ ಮುಂದಿನ ಹಲ್ಲುಗಳ ಮೇಲೆ ಆ ಗೆರೆಗಳಿವೆ. ಕಾಲೇಜಿನ ಗ್ರೂಪ್ ಫೋಟೋದಲ್ಲಿ ನಾನು ಬಾಯಿ ಮುಚ್ಚಿಯೇ ನಗುತ್ತೇನೆ, ಗಮನಿಸಿರಬಹುದು. ಇಷ್ಟು ದಿನ ಸರಿಯಾಗಿ ಉಜ್ಜದ ಹುಡುಗಿ ಎಂದು ತಿಳಿದುಕೊಳ್ಳುತ್ತಾರೆ ಎಂಬ ಸಂಕೋಚ ಇತ್ತು. ಈ ಗೆರೆ ಬೀಳುವುದು ಹಲ್ಲು ಒಳಗೇ ಬೆಳೆಯುತ್ತಿರುವ ಎಳೆಯ ವಯಸ್ಸಿನಲ್ಲಿ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದಾದಿ ಈಗ ನಮಾಜಿಗೆ ನೆಲದ ಮೇಲೆ ಕೂರಲಾರರು, ಕುರ್ಚಿಯೇ ಬೇಕು. ವಯಸ್ಸಿನಿಂದಲೂ ಇರಬಹುದು, ನೀರಿನಿಂದಲೂ ಇರಬಹುದು ಎಂದರು ವೈದ್ಯರು. ಅವರು ಅರವತ್ತು ವರ್ಷ ಕುಡಿದ ನೀರನ್ನು ನಮ್ಮ ಮನೆಯಲ್ಲಿ ಒಬ್ಬರೂ ಪರೀಕ್ಷೆ ಮಾಡಿಸಿಲ್ಲ. ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಘಟಕ ಕೆಟ್ಟ ದಿನ ಮತ್ತೆ ಬೋರ್‌ವೆಲ್ಲೇ.

ಇನ್ನು ನಮ್ಮ ಲ್ಯಾಬಿನ ವಿಷಯ. ದ್ವಿತೀಯ ಪಿಯುಸಿಯಲ್ಲಿ ನಾವು ಸಾಲ್ಟ್ ಅನಾಲಿಸಿಸ್ ಮಾಡುತ್ತೇವೆ. ಬಾಟಲಿಯಿಂದ ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ. ಅಮೋನಿಯಂ ಇದೆಯೋ, ಸತು ಇದೆಯೋ, ನೈಟ್ರೇಟಿಗೆ ಕಂದು ಉಂಗುರ ಬಂತೋ, ಫಾಸ್ಫೇಟಿಗೆ ಹಳದಿ ಪುಡಿ ಕೂತಿತೋ ನೋಡಿ ಬರೆಯುತ್ತೇವೆ. ಪಕ್ಕದ ಬೆಂಚಿನವರ ಉತ್ತರವನ್ನೂ ನೋಡುತ್ತೇವೆ, ಸುಳ್ಳೇಕೆ ಹೇಳಲಿ. ಆ ಬಾಟಲಿಗಳಲ್ಲಿರುವ ಜಿಂಕ್ ಸಲ್ಫೇಟ್, ಪೊಟ್ಯಾಸಿಯಂ ನೈಟ್ರೇಟ್‌ಗಳೇ ಗೊಬ್ಬರದ ಅಂಗಡಿಯಲ್ಲಿ ಚೀಲಗಟ್ಟಲೆ ಇವೆ. ಲ್ಯಾಬಿನಲ್ಲಿ ಗುರುತಿಸಿ ಪೂರ್ತಿ ಅಂಕ ತೆಗೆದುಕೊಳ್ಳುವ ನಾವು ಸೊಸೈಟಿ ಮುಂದೆ "ಬ್ಯಾಚ್ ನಂಬರ್" ಎನ್ನುತ್ತೇವೆ. ತಪ್ಪು ಸಿಲಬಸ್ಸಿನದಲ್ಲ. ಲ್ಯಾಬಿನ ಬಾಗಿಲಿನಿಂದ ಹೊಲದ ತನಕ ನಡೆಯದೇ ಇದ್ದದ್ದು ನಾವು.

ಕೆಲವು ಗೆಳತಿಯರು ಕೇಳಿದರು, "ಇಷ್ಟೆಲ್ಲ ತಲೆನೋವು ಯಾಕೆ, ಸಾವಯವ ಮಾಡಿದರೆ ಆಯಿತಲ್ಲ?" ನಾನೂ ವೇದಿಕೆ ಮೇಲೆ ಅದನ್ನೇ ಹೇಳಿದ್ದೆ. ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಕೆರೆಗೋಡು, ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುವುದು, ಇವು ನಮ್ಮ ಹಿರಿಯರ ದೊಡ್ಡ ತಿಳಿವಳಿಕೆ. ಮಣ್ಣಿಗೆ ಇಂಗಾಲ ಕೊಟ್ಟು ನೀರು ಹಿಡಿದಿಡುವ ಶಕ್ತಿ ಚೀಲದ ಪುಡಿಗೆ ಇಲ್ಲ. ಆದರೆ ಮನೆಯಲ್ಲಿ ಒಂದು ಎಮ್ಮೆ ಇರುವ ನಮ್ಮಂಥವರಿಗೆ ಎರಡು ಎಕರೆಗೆ ಸಾಲುವಷ್ಟು ತಿಪ್ಪೆ ಎಲ್ಲಿಂದ ಬರಬೇಕು? ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ನಡೆದ ದೀರ್ಘ ಪ್ರಯೋಗದಲ್ಲಿ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನಷ್ಟು ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳೇ ಇಳುವರಿಯಲ್ಲಿ ಮುಂದಿದ್ದವು. ಎರಡಕ್ಕೂ ಜಗಳ ಹಚ್ಚುವುದು ಭಾಷಣಕ್ಕೆ ಚೆನ್ನ, ಹೊಲಕ್ಕಲ್ಲ.

ಇನ್ನೊಂದು ಕಡೆಯವರು ಯೂರಿಯಾ ಅಗ್ಗ, ಹಾಕಿದರೆ ನಷ್ಟವೇನು ಎನ್ನುತ್ತಾರೆ. 45 ಕೆ.ಜಿ. ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ, ಏಕೆಂದರೆ ಉಳಿದ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತದೆ. ಬೆಲೆ ಕಡಿಮೆಯಿರುವುದರಿಂದಲೇ ಕೈ ಧಾರಾಳ. ಗಿಡ ಬಳಸದೆ ಉಳಿದದ್ದು ನೈಟ್ರೇಟ್ ಆಗಿ ಇಂಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದು, ಹಸುಗೂಸುಗಳ ರಕ್ತಕ್ಕೆ ಅದು ಅಪಾಯ. ಅಗ್ಗದ ಚೀಲದ ಬಾಕಿಯನ್ನು ಯಾರದೋ ಮನೆಯ ಕೂಸು ತೀರಿಸುವಂತೆ ಆಗಬಾರದು.

ಮೊದಲು ಪರೀಕ್ಷೆ, ಆಮೇಲೆ ಗೊಬ್ಬರ ಎನ್ನುವುದು ಹೊಸ ಮಾತಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟಾಗ, ಡಾ. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಆರಂಭಿಸಿದ್ದೇ ಮಣ್ಣು ಮತ್ತು ಬೆಳೆಯ ಸಂಬಂಧದ ಪ್ರಯೋಗ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ತುಮಕೂರೂ ಇತ್ತು. ಮಣ್ಣು ಪರೀಕ್ಷೆಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡುಬಂದು, ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸನ್ನು ರಿಯಾಯಿತಿ ದರದಲ್ಲಿ ಕೊಟ್ಟರು. 2015ರಿಂದ ಮಣ್ಣು ಆರೋಗ್ಯ ಕಾರ್ಡೂ ಬಂದಿದೆ. ನಮ್ಮ ಮನೆಯಲ್ಲೂ ಒಂದು ಕಾರ್ಡ್ ಇದೆ, ರೇಷನ್ ಕಾರ್ಡಿನ ಹಿಂದೆ ಮಡಚಿಟ್ಟದ್ದು ಹಾಗೆಯೇ ಇತ್ತು. ಓದಿ ಹೇಳಬೇಕಾದವಳು ನಾನೇ ಆಗಿದ್ದೆ.

ಆದ್ದರಿಂದ ಪ್ರಾಂಶುಪಾಲರಲ್ಲಿ, ಕೆಮಿಸ್ಟ್ರಿ ಉಪನ್ಯಾಸಕರಲ್ಲಿ, ಎನ್ಎಸ್ಎಸ್ ಘಟಕದವರಲ್ಲಿ ನನ್ನ ವಿನಂತಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಿನಿಂದ ನಮ್ಮಲ್ಲಿ ಮಕ್ಕಳಿದ್ದಾರೆ. ಕೊರಟಗೆರೆಯ ಅಡಿಕೆ ತೋಟದವರು, ಮಧುಗಿರಿಯ ರಾಗಿ ಹೊಲದವರು, ಶಿರಾ, ಪಾವಗಡದ ಕಡ್ಲೆಕಾಯಿಯವರು ಒಂದೇ ಬೆಂಚಿನಲ್ಲಿ ಕೂರುತ್ತೇವೆ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡಿ. ಒಬ್ಬೊಬ್ಬರೂ ಮನೆಯಲ್ಲಿ ಕುಡಿಯುವ ನೀರನ್ನು ಒಂದು ಬಾಟಲಿ ತರುತ್ತೇವೆ. ಫ್ಲೋರೈಡ್, ನೈಟ್ರೇಟ್ ನೋಡುವ ಕಿಟ್‌ಗಳಿವೆ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಅವನ್ನು ಕೊಟ್ಟು ಊರಿನ ಐವರು ಹೆಣ್ಣುಮಕ್ಕಳಿಗೆ ತರಬೇತಿ ನೀಡುವ ವ್ಯವಸ್ಥೆಯೂ ಇದೆ. ಆ ಐವರಲ್ಲಿ ನಮ್ಮ ಕಾಲೇಜಿನ ಹುಡುಗಿಯರು ಏಕಿರಬಾರದು? ಕಿಟ್ ನಿಖರ ಅಳತೆಯಲ್ಲ, ಬಣ್ಣ ನೋಡಿ ಅಂದಾಜು ಹೇಳುತ್ತದೆ. ಹೆಚ್ಚು ಕಂಡ ನೀರನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದರಾಯಿತು.

ಮಣ್ಣಿನ ಪೋಷಕಾಂಶ ಅಳೆಯಲು ನಮ್ಮ ಲ್ಯಾಬ್ ಸಾಲದು, ಅದನ್ನು ಒಪ್ಪುತ್ತೇನೆ. ಆದರೆ ಮಾದರಿ ಸರಿಯಾಗಿ ತೆಗೆಯುವುದನ್ನು ನಾವು ಕಲಿಯಬಹುದು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು, ಹೊಲದ ಹತ್ತು ಹದಿನೈದು ಕಡೆ ಆರು ಇಂಚು ಆಳದ ಗುಂಡಿ ತೋಡಿ, ಪಕ್ಕದ ಮಣ್ಣನ್ನು ಮೇಲಿನಿಂದ ಕೆಳಗೆ ಕೆರೆದು, ಎಲ್ಲವನ್ನೂ ಬೆರೆಸಿ, ಅರ್ಧ ಕೆ.ಜಿ. ಉಳಿಸಿ, ನೆರಳಲ್ಲಿ ಒಣಗಿಸಿ, ಹೆಸರು, ಸರ್ವೆ ನಂಬರ್ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡುವುದು. ಬೇಸಿಗೆ ರಜೆಯಲ್ಲಿ ಒಂದು ಬೆಳಗಿನ ಕೆಲಸ. ಬಂದ ಫಲಿತಾಂಶವನ್ನು ಅಬ್ಬಾನಿಗೋ ಅಪ್ಪನಿಗೋ ಓದಿ, ಎಷ್ಟು ಚೀಲ ಎಂದು ಲೆಕ್ಕ ಹಾಕಿ ಹೇಳುವುದು ಇನ್ನೊಂದು ಸಂಜೆಯ ಕೆಲಸ. ಸಿಇಟಿ, ನೀಟ್‌ಗೆ ಸಮಯ ಸಾಲುವುದಿಲ್ಲ ಎನ್ನುವವರಿಗೆ ನನ್ನ ಉತ್ತರ: ನನಗೆ ಮೋಲ್ ಲೆಕ್ಕಕ್ಕಿಂತ ಚೀಲದ ಲೆಕ್ಕ ಬೇಗ ಅರ್ಥವಾಯಿತು, ಚೀಲದ ಲೆಕ್ಕದಿಂದ ಮೋಲ್ ಲೆಕ್ಕವೂ ಅರ್ಥವಾಯಿತು.

ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ನಾವು ಹೊರಡುತ್ತೇವೆ. ಪ್ರಥಮ ಪಿಯುಸಿಯ ತಮ್ಮ ತಂಗಿಯರೇ, ಈ ಕೆಲಸ ನಿಮ್ಮದು. ಕಡ್ಲೆಕಾಯಿ ಕಿತ್ತ ವಾರ ಆ ತಾತನನ್ನು ಸಂತೆಯಲ್ಲಿ ನೋಡಿದೆ. ಹತ್ತಿರ ಹೋಗಿ, ಜೂನ್‌ನಲ್ಲಿ ನಾನು ಹೇಳಿದ್ದು ತಪ್ಪು ತಾತ ಎಂದು ಅಂಕಿಗಳ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ಇಷ್ಟು ವರ್ಷ ಯಾಕವ್ವ ಯಾರೂ ಹೇಳ್ಲಿಲ್ಲ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರುವ ಜೂನ್‌ನಲ್ಲಿ ಸಾಲಿನಲ್ಲಿ ನೀವು ನಿಂತಿರುತ್ತೀರಿ. ಆಗ ಯಾರಾದರೂ ಕೇಳಿದರೆ ದಯವಿಟ್ಟು ಬ್ಯಾಚ್ ನಂಬರ್ ಎನ್ನಬೇಡಿ.